ಗೀಚಿನಿಂದ ಅಕ್ಷರಕ್ಕೆ: ಚಿತ್ರ ಮತ್ತು ಕಥೆಯ ಮೂಲಕ ಪುಟ್ಟ ಮಕ್ಕಳನ್ನು ಓದುಬರಹಕ್ಕೆ ಅಣಿಗೊಳಿಸುವ ಸಮಗ್ರ ಮಾರ್ಗದರ್ಶಿ

ನನ್ನ ಮಗಳಿಗೆ ಮೂರು ವರ್ಷ ತುಂಬಿ ಕೆಲವು ತಿಂಗಳಾಗಿತ್ತು. ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಒಂದು ಸುರುಳಿ ಗೀಚಿದಳು. ಬೆಕ್ಕು ಎಳೆದಾಡಿದ ನೂಲಿನುಂಡೆಯ ಹಾಗಿತ್ತು. ‘ಇದು ತಾತನ ಸ್ಕೂಟರ್ ಹೊಗೆ. ತಾತ ಹೋದರು, ಹೊಗೆ ಇದೆ’ ಎಂದಳು. ಅವಳು ಹೇಳಿದಷ್ಟನ್ನೂ ಸುರುಳಿಯ ಕೆಳಗೆ ಬರೆದಿಟ್ಟೆ. ಸಂಜೆ ಅವಳ ಅಪ್ಪ ಬಂದಾಗ ಹಾಳೆ ಹಿಡಿದು ನಿಂತು, ಸಾಲಿನ ಮೇಲೆ ಬೆರಳಾಡಿಸುತ್ತ ಅದೇ ಮಾತನ್ನು ಗಂಭೀರವಾಗಿ ‘ಓದಿದಳು’. ಆಗ ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಬಾಯಿಂದ ಹೊರಟ ಮಾತು ಕಾಗದದ ಮೇಲೆ ಕೂರುತ್ತದೆ, ಸಂಜೆಯವರೆಗೂ ಅಲ್ಲೇ ಕಾದಿರುತ್ತದೆ ಎಂಬುದು ಮಾತ್ರ ಗೊತ್ತಾಗಿತ್ತು.

ಕನ್ನಡದಲ್ಲಿ ನಾವು ಪತ್ರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ. ಮೂರು ವರ್ಷದ ಮಗು ಭಾಷೆಯ ಈ ಹಳೆಯ ತಿಳಿವಳಿಕೆಯಲ್ಲೇ ಬದುಕುತ್ತಿರುತ್ತದೆ. ಚಿತ್ರವನ್ನು ಆಟದ ಹೊತ್ತಿಗೆ, ಅಕ್ಷರವನ್ನು ಪಾಠದ ಹೊತ್ತಿಗೆ ಹಂಚಿ ಎರಡನ್ನೂ ಬೇರ್ಪಡಿಸುವವರು ನಾವು. ಮೂರರಿಂದ ಆರು ವರ್ಷದ ಮಕ್ಕಳ ತಂದೆ ತಾಯಿ, ಅಜ್ಜ ಅಜ್ಜಿ, ಅಂಗನವಾಡಿ ಮತ್ತು ಶಿಶುವಿಹಾರದ ಶಿಕ್ಷಕಿಯರು ಆ ನಡುಗೋಡೆಯನ್ನು ತೆಗೆದು ಕೆಲಸ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಅ ಆ ಇ ಈ ಯಿಂದಲೇ ಏಕೆ ಶುರು ಮಾಡಬಾರದು

ಲೆಕ್ಕ ನೋಡಿ. ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಅಕ್ಷರ. ಪ್ರತಿ ವ್ಯಂಜನಕ್ಕೂ ಕಾಗುಣಿತದ 15 ರೂಪ ಹಿಡಿದರೆ 510. ಒತ್ತಕ್ಷರಗಳದ್ದು ಬೇರೆಯೇ ಸಂಸಾರ. ಇಂಗ್ಲಿಷಿನ 26 ಅಕ್ಷರಗಳ ಹಾಗೆ ಒಂದು ವರ್ಷದಲ್ಲಿ ಕಲಿತು ಮುಗಿಸುವ ಸರಕು ಇದಲ್ಲ. ಕನ್ನಡ ಓದಲು ಕಲಿಯುವ ಮಕ್ಕಳ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಅಕ್ಷರಗಳ ಹಿಡಿತ ಪ್ರಾಥಮಿಕ ಶಾಲೆಯ ಹಲವು ವರ್ಷಗಳವರೆಗೆ ನಿಧಾನವಾಗಿ ಬೆಳೆಯುತ್ತಲೇ ಇರುತ್ತದೆ ಎಂದು ತೋರಿಸಿತು. ಅಷ್ಟು ದೂರದ ದಾರಿಗೆ ಹೊರಡುವ ಮಗುವಿನ ಬುತ್ತಿಯಲ್ಲಿ ಬೇಕಾದದ್ದು ಮಾತಿನ ಸಂಪತ್ತು, ಕಥೆಯ ರುಚಿ, ಶಬ್ದವನ್ನು ಬಿಡಿಸಿ ಕೇಳುವ ಕಿವಿ ಮತ್ತು ಹೇಳಿದಂತೆ ಕೇಳುವ ಬೆರಳು. ಮೂರೂವರೆ ವರ್ಷಕ್ಕೆ ಸ್ಲೇಟಿನ ಮೇಲೆ ‘ಅ’ ತಿದ್ದಿಸಿದರೆ ಈ ನಾಲ್ಕರಲ್ಲಿ ಯಾವುದೂ ಸಿಗುವುದಿಲ್ಲ.

‘ಪಕ್ಕದ ಮನೆಯ ಹುಡುಗ ಆಗಲೇ ಇಡೀ ವರ್ಣಮಾಲೆ ಬರೆಯುತ್ತಾನೆ’ ಎನ್ನುವ ಹಿರಿಯರು ಪ್ರತಿ ಮನೆಯಲ್ಲೂ ಇರುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಆಟ ಮತ್ತು ಚಟುವಟಿಕೆಗಳ ಮೂಲಕ ಕಲಿಸಬೇಕೆಂದು ಹೇಳಿದೆ ಎಂದು ಅವರಿಗೆ ತಿಳಿಸಿ. ಸರ್ಕಾರದ ಹೆಸರು ಹೇಳಿದರೆ ಕೆಲವರಾದರೂ ಸುಮ್ಮನಾಗುತ್ತಾರೆ.

ಹೆಜ್ಜೆ 1: ಸಲಕರಣೆ ಹೊಂದಿಸುವುದು

ಅಂಗಡಿಗೆ ಓಡಬೇಕಿಲ್ಲ. ಒಂದು ಬದಿ ಖಾಲಿ ಇರುವ ಹಾಳೆಗಳು, ದಪ್ಪ ಮೇಣದ ಬಣ್ಣ, ಬಳಪ, ರಂಗೋಲಿ ಪುಡಿ, ಒಂದು ಬಟ್ಟಲು ನೀರು ಸಾಕು. ಹೊಸ ಕ್ರೆಯಾನ್ ತಂದರೆ ಅರ್ಧಕ್ಕೆ ಮುರಿದು ಕೊಡಿ. ಉದ್ದದ ಕಡ್ಡಿಯನ್ನು ಮಗು ಒನಕೆಯಂತೆ ಮುಷ್ಟಿಯಲ್ಲಿ ಹಿಡಿಯುತ್ತದೆ. ಹೆಬ್ಬೆರಳಿನಷ್ಟುದ್ದದ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಮೂರು ಬೆರಳು ತಾವಾಗಿ ಮುಂದೆ ಬರುತ್ತವೆ. ಪೆನ್ಸಿಲ್ ಹಿಡಿತದ ಪಾಠ ಅಲ್ಲಿಗೆ ಮುಗಿಯಿತು.

ಸ್ಲೇಟು ಒಳ್ಳೆಯದೇ, ಆದರೆ ಅದರಲ್ಲೊಂದು ದೋಷವಿದೆ: ಅದು ಅಳಿಸಿಹೋಗುತ್ತದೆ. ಕೈ ಪಳಗಿಸಲು ಸ್ಲೇಟು, ಕಥೆಗೆ ಕಾಗದ ಎಂದು ಇಟ್ಟುಕೊಳ್ಳಿ. ಒಂದಷ್ಟು ಹಾಳೆಗಳನ್ನು ಮಗುವಿನ ಕಣ್ಣಿನ ಮಟ್ಟಕ್ಕೆ ಗೋಡೆಗೆ ಅಂಟಿಸಿ. ನಿಂತು ಬರೆಯುವಾಗ ಭುಜ ಮತ್ತು ಮಣಿಕಟ್ಟಿಗೆ ಬಲ ಬರುತ್ತದೆ. ಮಲೆನಾಡಿನ ದೀವರು ಸಮುದಾಯದ ಮನೆಗಳಲ್ಲಿ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಿಂದ ಹಸೆ ಚಿತ್ತಾರ ಬರೆಯುವುದು ಪುಂಡಿ ನಾರಿನ ಕುಂಚದಲ್ಲಿ. ಅದೇ ಬಗೆಯಲ್ಲಿ ತೆಂಗಿನ ನಾರನ್ನು ಕಡ್ಡಿಗೆ ಕಟ್ಟಿ ಕೊಟ್ಟರೆ, ಮಗು ಅದನ್ನು ನೀರಿನಲ್ಲಿ ಅದ್ದಿ ಅಂಗಳದ ಸಿಮೆಂಟಿನ ಮೇಲೆ ಗಂಟೆಗಟ್ಟಲೆ ಬರೆಯುತ್ತದೆ. ಬಿಸಿಲು ಒರೆಸುವ ಕೆಲಸ ಮಾಡಿಕೊಡುತ್ತದೆ.

ಬಣ್ಣ ತುಂಬುವ ಅಚ್ಚಿನ ಪುಸ್ತಕಗಳನ್ನು ನಾನು ಮನೆಗೆ ತರುವುದಿಲ್ಲ. ಯಾರೋ ಬರೆದ ಬಾತುಕೋಳಿಗೆ ಗೆರೆ ದಾಟದಂತೆ ಹಳದಿ ಬಳಿಯುವುದರಲ್ಲಿ ಮಗು ಹೇಳಬೇಕಾದ ಕಥೆ ಏನೂ ಇರುವುದಿಲ್ಲ.

ಹೆಜ್ಜೆ 2: ಗೀಚಿದ್ದನ್ನು ನೋಡಲು ಕಲಿಯುವುದು

ಈ ಹೆಜ್ಜೆ ದೊಡ್ಡವರಿಗೆ. ಮಕ್ಕಳ ಚಿತ್ರಗಳನ್ನು ಹಂತಗಳಾಗಿ ವಿಂಗಡಿಸಿದ ಕಲಾ ಶಿಕ್ಷಣತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಎರಡರಿಂದ ನಾಲ್ಕು ವರ್ಷವನ್ನು ಗೀಚಿನ ಕಾಲ ಎಂದೂ, ನಾಲ್ಕರಿಂದ ಏಳನ್ನು ಆಕೃತಿಗಳು ಮೂಡತೊಡಗುವ ಕಾಲ ಎಂದೂ ಕರೆದರು. ಗೀಚಿನ ಕಾಲದ ಕೊನೆಯಲ್ಲಿ ಒಂದು ತಿರುವು ಬರುತ್ತದೆ: ಮಗು ತಾನು ಗೀಚಿದ್ದಕ್ಕೆ ಹೆಸರಿಡತೊಡಗುತ್ತದೆ. ಇದು ಹಾವು, ಇದು ಮಳೆ, ಇದು ಹೊಗೆ. ಹತ್ತು ನಿಮಿಷ ಬಿಟ್ಟು ಕೇಳಿದರೆ ಹಾವು ರಸ್ತೆಯಾಗಿರಬಹುದು. ತೊಂದರೆಯಿಲ್ಲ. ಒಂದು ಗುರುತು ಬೇರೊಂದು ವಸ್ತುವಿನ ಬದಲಿಗೆ ನಿಲ್ಲಬಲ್ಲದು ಎಂದು ಮಗುವಿಗೆ ಹೊಳೆದಿದೆ, ‘ಆ’ ಎಂಬ ಗುರುತು ಆನೆಯ ಮೊದಲ ಸದ್ದಿನ ಬದಲಿಗೆ ನಿಲ್ಲುವುದೂ ಇದೇ ಉಪಾಯದಿಂದ.

ಆಮೇಲೆ ತಲೆಯಿಂದಲೇ ನೇರವಾಗಿ ಕಾಲು ಹೊರಟ ಮನುಷ್ಯರು ಬರುತ್ತಾರೆ, ಮುಂಡವಿಲ್ಲದೆ. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಹೀಗೆಯೇ ಬರೆಯುತ್ತಾರೆ, ತಿದ್ದಬೇಡಿ.

ಮಾಡಬೇಕಾದದ್ದು ಇಷ್ಟು:

- ‘ಇದೇನು?’ ಎಂದು ಪ್ರಶ್ನಿಸಬೇಡಿ. ಅದು ಪರೀಕ್ಷೆಯ ಧಾಟಿ. ‘ಇದರ ಬಗ್ಗೆ ಹೇಳು’ ಎನ್ನಿ.
- ಹೇಳದಿದ್ದರೆ ಕಂಡದ್ದನ್ನು ನೀವೇ ಹೇಳಿ: ‘ಇಲ್ಲಿ ಗೆರೆ ಮೇಲಿನಿಂದ ಜಾರಿ ಬಂದು ಸುತ್ತು ಹಾಕಿದೆಯಲ್ಲ!’ ಸುತ್ತು, ಓರೆ, ಉದ್ದ, ಗಿಡ್ಡ, ಒಳಗೆ, ಹೊರಗೆ ಎಂಬ ಮಾತುಗಳೇ ಮುಂದೆ ಅಕ್ಷರದ ಆಕಾರವನ್ನು ವಿವರಿಸುವ ಮಾತುಗಳು.
- ‘ಆನೆ ಬರೆದುಕೊಡು’ ಎಂದು ಮಗು ನಿಮ್ಮ ಕೈಗೆ ಬಣ್ಣ ಕೊಟ್ಟರೆ ಬರೆದುಕೊಡಬೇಡಿ. ನಿಮ್ಮ ಆನೆಯನ್ನು ನೋಡಿದ ಮೇಲೆ ತನ್ನ ಆನೆ ಬರೆಯಲು ಅದಕ್ಕೆ ನಾಚಿಕೆಯಾಗುತ್ತದೆ. ‘ಆನೆಯಲ್ಲಿ ಮೊದಲು ಯಾವುದು ಕಾಣಿಸುತ್ತದೆ?’ ಎಂದು ಕೇಳಿ. ಸೊಂಡಿಲು ಎನ್ನುತ್ತದೆ. ಅಲ್ಲಿಂದಲೇ ಹೊರಡಲಿ.

ಹೆಜ್ಜೆ 3: ಬಾಯಲ್ಲಿ ಕಥೆ

ಪುಸ್ತಕವಿಲ್ಲದೆ, ಪರದೆಯಿಲ್ಲದೆ, ಮುಖ ನೋಡಿಕೊಂಡು ಹೇಳುವ ಕಥೆ. ಅಡಗೂಲಜ್ಜಿ ಕಥೆ ಎಂದು ನಾವು ಮೂಗು ಮುರಿಯುವ ಕಥೆಗಳೇ ಈ ವಯಸ್ಸಿಗೆ ಸರಿ, ಏಕೆಂದರೆ ಅವುಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ. ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಮಳೆಗೆ ಮನೆ ಕರಗಿಹೋದ ಕಾಗಕ್ಕ ಬಂದು ಬಾಗಿಲು ತಟ್ಟುತ್ತಾಳೆ. ‘ಗುಬ್ಬಕ್ಕ, ಗುಬ್ಬಕ್ಕ, ಬಾಗಿಲು ತೆಗೆ!’ ಒಳಗಿನಿಂದ ಗುಬ್ಬಕ್ಕ ಒಂದೊಂದು ಸಲವೂ ಒಂದೊಂದು ನೆವ ಹೇಳುತ್ತಾಳೆ: ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ, ಬಟ್ಟೆ ಹಾಕುತ್ತಿದ್ದೇನೆ, ಮಲಗಿಸುತ್ತಿದ್ದೇನೆ.

ಮೊದಲ ದಿನ ಇಡೀ ಕಥೆಯನ್ನು ನೀವೇ ಹೇಳಿ. ಎರಡನೆಯ ದಿನ ‘ಗುಬ್ಬಕ್ಕ, ಗುಬ್ಬಕ್ಕ’ ಎಂದು ನಿಲ್ಲಿಸಿ. ಉಳಿದದ್ದನ್ನು ಮಗು ಪೂರೈಸುತ್ತದೆ. ಮೂರನೆಯ ದಿನ ಹೊಸ ನೆವವನ್ನು ಮಗುವೇ ಹುಡುಕಲಿ. ಒಬ್ಬ ಹುಡುಗನ ಗುಬ್ಬಕ್ಕ ‘ನೆಟ್‌ವರ್ಕ್ ಇಲ್ಲ, ಕೇಳಿಸುತ್ತಿಲ್ಲ’ ಎಂದಿದ್ದಳು. ನಾಲ್ಕನೆಯ ದಿನ ಒಂದು ಹಾಳೆಯನ್ನು ನಾಲ್ಕು ಚೌಕವಾಗುವಂತೆ ಮಡಚಿ ಕೊಡಿ, ಚೌಕಕ್ಕೊಂದು ಚಿತ್ರ ಬರೆಯಲಿ: ಮನೆ, ಮಳೆ, ಬಾಗಿಲು, ಕೊನೆಗೆ ಏನಾಯಿತು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಬೆರಳಿಟ್ಟು ಆ ಚಿತ್ರಗಳನ್ನು ನೋಡಿ ಮಗು ಕಥೆ ಹೇಳಲಿ. ಪುಟವನ್ನು ಯಾವ ದಿಕ್ಕಿನಲ್ಲಿ ಓದಬೇಕು ಎಂಬುದನ್ನು ಬೇರೆ ಪಾಠವಾಗಿ ಹೇಳಿಕೊಡಬೇಕಾಗಿಯೇ ಇಲ್ಲ.

ಒಂದೇ ಕಥೆಯನ್ನು ಇಪ್ಪತ್ತು ಸಲ ಕೇಳುವ ಮಗುವಿನ ಮೇಲೆ ಬೇಸರಪಡಬೇಡಿ. ನಿಮಗೆ ಬೇಸರ ಬಂದಿರುತ್ತದೆ, ನಿಜ. ಆದರೆ ‘ಆಗ’, ‘ಆಮೇಲೆ’, ‘ಅದಕ್ಕೇ’, ‘ಅಷ್ಟರಲ್ಲಿ’ ಎಂಬ ಕೀಲುಗಳು ಮಗುವಿನ ಮಾತಿಗೆ ಸೇರುವುದು ಆ ಇಪ್ಪತ್ತು ಸಲದ ನಡುವೆಯೇ.

ಹೆಜ್ಜೆ 4: ಮಗುವಿನ ಮಾತಿಗೆ ನೀವು ಲಿಪಿಕಾರ

ಇಡೀ ಮಾರ್ಗದರ್ಶಿಯಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ಹತ್ತು ನಿಮಿಷ.

ಮಗು ಚಿತ್ರ ಮುಗಿಸಿದ ಮೇಲೆ ಪಕ್ಕದಲ್ಲಿ ಕುಳಿತುಕೊಳ್ಳಿ, ಎದುರಿಗೆ ಬೇಡ. ನೀವು ಬರೆಯುವ ಅಕ್ಷರ ಅದಕ್ಕೆ ತಲೆಕೆಳಗಾಗಿ ಕಾಣಬಾರದು. ‘ನೀನು ಹೇಳು, ನಾನು ಬರೆಯುತ್ತೇನೆ’ ಎನ್ನಿ. ದಪ್ಪ ಪೆನ್ನಿನಲ್ಲಿ, ದೊಡ್ಡದಾಗಿ, ಪದ ಪದದ ನಡುವೆ ಬೆರಳಗಲ ಜಾಗ ಬಿಟ್ಟು ಬರೆಯಿರಿ. ಬರೆಯುವಾಗ ಆ ಪದವನ್ನು ನಿಧಾನವಾಗಿ ಉಚ್ಚರಿಸಿ. ಮಗು ಗಡಗಡ ಹೇಳುತ್ತ ಹೋದರೆ ‘ನನ್ನ ಕೈ ಇನ್ನೂ ಇಲ್ಲಿದೆ, ತಾಳು’ ಎಂದು ತೋರಿಸಿ. ಮಾತು ಎಷ್ಟು ವೇಗ, ಬರಹ ಎಷ್ಟು ನಿಧಾನ ಎಂಬುದನ್ನು ಅದು ಕಣ್ಣಾರೆ ನೋಡಬೇಕು.

ನಾಲ್ಕು ವರ್ಷದವನೊಬ್ಬ ಹೇಳಿದ ಪೂರ್ತಿ ಕಥೆ ಇದು: ‘ಆನೆ ಬಂತು. ಬಾಳೆಹಣ್ಣು ತಿಂದಿತು. ಸಿಪ್ಪೆ ನಮ್ಮ ಮನೆ ಮುಂದೆ ಹಾಕಿತು. ಅಮ್ಮ ಆನೆಗೆ ಬೈದಳು.’ ಪಾತ್ರವಿದೆ, ಘಟನೆಯಿದೆ, ತಪ್ಪಿದೆ, ತೀರ್ಪೂ ಇದೆ. ಇದಕ್ಕೆ ‘ಆನೆ ಪಾಪ, ಅಲ್ಲವೇ?’ ಎಂದು ನಿಮ್ಮ ನೀತಿಯನ್ನು ಅಂಟಿಸಬೇಡಿ.

ತಿದ್ದುವ ಚಪಲ ಇಲ್ಲಿಯೇ ಹೆಚ್ಚು. ‘ತಿದ್ದು’ ಎಂಬ ಪದಕ್ಕೆ ನಮ್ಮಲ್ಲಿ ಎರಡು ಅರ್ಥ: ಬರೆದ ಅಕ್ಷರದ ಮೇಲೆ ಬರೆದು ಕಲಿಯುವುದೂ ತಿದ್ದುವುದೇ, ತಪ್ಪನ್ನು ಸರಿಪಡಿಸುವುದೂ ತಿದ್ದುವುದೇ. ಕಲಿಸುವುದೆಂದರೆ ತಪ್ಪು ಹಿಡಿಯುವುದು ಎಂಬ ಭಾವನೆ ಈ ಪದದಿಂದಲೇ ನಮ್ಮ ತಲೆಗೆ ಹೊಕ್ಕಿತೋ ಏನೋ. ಮಗು ‘ಬಂತು’ ಎಂದರೆ ‘ಬಂತು’ ಎಂದೇ ಬರೆಯಿರಿ, ‘ಬಂದಿತು’ ಎಂದು ಗ್ರಂಥಸ್ಥ ಮಾಡಬೇಡಿ. ಧಾರವಾಡದ ಮಗುವಿನ ಮಾತು ಧಾರವಾಡದ್ದೇ ಆಗಿರಲಿ, ಕುಂದಾಪುರದ್ದು ಕುಂದಾಪುರದ್ದೇ. ತಾನು ಆಡಿದ್ದು ಒಂದು, ಕಾಗದದಲ್ಲಿರುವುದು ಇನ್ನೊಂದು ಎಂದಾದರೆ ಈ ಹೆಜ್ಜೆಯ ಪ್ರಯೋಜನವೇ ಹೋಯಿತು.

ಮನೆಮಾತು ತುಳು, ಕೊಂಕಣಿ, ಬ್ಯಾರಿ, ಕೊಡವ ಅಥವಾ ಉರ್ದು ಆಗಿದ್ದರೆ? ಆ ಭಾಷೆಯ ಮಾತನ್ನೇ ಕನ್ನಡ ಲಿಪಿಯಲ್ಲಿ ಬರೆಯಿರಿ. ತುಳುವಿನಂಥ ಭಾಷೆಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ಬಹುಕಾಲದಿಂದ ಇದೆ. ಅಂಗನವಾಡಿಯಲ್ಲಿ ಬಾಯಿಬಿಡದ ಎಷ್ಟೋ ಮಕ್ಕಳು ತಮ್ಮ ಮನೆಮಾತು ಹಾಳೆಯ ಮೇಲೆ ಬಂದ ದಿನ ಮಾತಾಡಿದ್ದನ್ನು ನಾನು ನೋಡಿದ್ದೇನೆ. ವಿದೇಶದಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೆ ಲಿಪಿಕಾರರು ಊರಿನಲ್ಲಿರುವ ಅಜ್ಜ ಅಜ್ಜಿಯರಾಗಬಹುದು: ವಿಡಿಯೊ ಕರೆಯಲ್ಲಿ ಮಗು ಚಿತ್ರ ತೋರಿಸಿ ಹೇಳುತ್ತದೆ, ಅಜ್ಜಿ ಬರೆದು ಹಿಡಿದು ತೋರಿಸುತ್ತಾಳೆ. ‘ಊಟ ಆಯಿತಾ’ ಎಂಬುದರಲ್ಲೇ ಮುಗಿಯುವ ಕರೆಗೆ ಒಂದು ಕೆಲಸವೂ ಸಿಗುತ್ತದೆ.

ಬರೆದಾದ ಮೇಲೆ ಪದಗಳ ಕೆಳಗೆ ಬೆರಳಾಡಿಸುತ್ತ ಓದಿ ಹೇಳಿ. ನಂತರ ‘ಇದರಲ್ಲಿ ನಿನಗೆ ಯಾವ ಪದ ಬೇಕು?’ ಎಂದು ಕೇಳಿ, ಅದನ್ನು ರಟ್ಟಿನ ಚೂರಿನ ಮೇಲೆ ಬರೆದುಕೊಡಿ. ಅವನ್ನೆಲ್ಲ ಒಂದು ಬಿಸ್ಕತ್ತು ಡಬ್ಬಿಯಲ್ಲಿ ಕೂಡಿಡಲಿ. ನ್ಯೂಜಿಲೆಂಡಿನಲ್ಲಿ ಮಾವೋರಿ ಮಕ್ಕಳಿಗೆ ಕಲಿಸುತ್ತಿದ್ದ ಸಿಲ್ವಿಯಾ ಆಷ್ಟನ್-ವಾರ್ನರ್ ಹೀಗೆಯೇ ಪ್ರತಿ ಮಗುವಿನಿಂದ ಅದರದೇ ಪದ ಪಡೆದು ಓದು ಆರಂಭಿಸುತ್ತಿದ್ದರು. ಮಗು ಆರಿಸುವ ಪದಗಳನ್ನು ನೋಡಿದರೆ ಆಶ್ಚರ್ಯವಾಗುತ್ತದೆ: ದೆವ್ವ, ಅಮ್ಮ, ಜೆಸಿಬಿ, ಇಂಜೆಕ್ಷನ್. ‘ಒತ್ತಕ್ಷರ ಕಷ್ಟ, ಬೇಡ’ ಎನ್ನಬೇಡಿ. ‘ದೆವ್ವ’ವನ್ನು ಮಕ್ಕಳು ‘ಗರಗಸ’ಕ್ಕಿಂತ ಬೇಗ ಗುರುತಿಸುತ್ತಾರೆ.

ಐದಾರು ಮಕ್ಕಳಿದ್ದರೆ ಆ ಕಥೆಯನ್ನು ಆಡಿಸಿ. ಶಿಕಾಗೊದ ಶಿಶುವಿಹಾರ ಶಿಕ್ಷಕಿ ವಿವಿಯನ್ ಪೇಲಿ ಇದನ್ನೇ ತಮ್ಮ ತರಗತಿಯ ನಿತ್ಯಕರ್ಮ ಮಾಡಿಕೊಂಡಿದ್ದರು: ಮಗು ಹೇಳುತ್ತದೆ, ಶಿಕ್ಷಕಿ ಬರೆದುಕೊಳ್ಳುತ್ತಾರೆ, ಅದೇ ದಿನ ಎಲ್ಲರೂ ಸೇರಿ ಅಭಿನಯಿಸುತ್ತಾರೆ. ಕಥೆ ಹೇಳಿದ ಮಗುವೇ ಆನೆ ಯಾರು, ಅಮ್ಮ ಯಾರು ಎಂದು ಆರಿಸುತ್ತದೆ. ವೇಷಭೂಷಣ ಬೇಡ, ತಾಲೀಮು ಬೇಡ, ವಾರ್ಷಿಕೋತ್ಸವದ ವೇದಿಕೆಯಂತೂ ಬೇಡವೇ ಬೇಡ.

ಹೆಜ್ಜೆ 5: ಸದ್ದನ್ನು ಬಿಡಿಸುವ ಆಟ

ನಾಲ್ಕು ವರ್ಷದ ಹೊತ್ತಿಗೆ ಚಪ್ಪಾಳೆ ಆಟ ಶುರು ಮಾಡಿ. ಬರೆದ ಚಿತ್ರದಲ್ಲಿರುವ ವಸ್ತುಗಳ ಹೆಸರಿಗೆ ಚಪ್ಪಾಳೆ: ಮ-ರ, ಎರಡು. ಬಾ-ಳೆ-ಹ-ಣ್ಣು, ನಾಲ್ಕು. ಇಲ್ಲೊಂದು ಸೂಕ್ಷ್ಮವಿದೆ. ‘ಗುಬ್ಬಿ’ ಎಂಬುದು ಕಿವಿಗೆ ‘ಗುಬ್-ಬಿ’ ಎಂದು ಕೇಳಿಸುತ್ತದೆ, ಬರಹದಲ್ಲಿ ‘ಗು-ಬ್ಬಿ’ ಎಂದು ಒಡೆಯುತ್ತದೆ. ಚಪ್ಪಾಳೆ ಎರಡೂ ಬಗೆಯಲ್ಲಿ ಎರಡೇ, ಹಾಗಾಗಿ ಈ ವಯಸ್ಸಿನಲ್ಲಿ ವಾದ ಬೇಡ. ಮುಂದೆ ಮಗು ಒತ್ತಕ್ಷರದಲ್ಲಿ ಎಡವಿದಾಗ ಅದರ ಕಿವಿಯಲ್ಲಿ ತಪ್ಪಿಲ್ಲ, ಲಿಪಿಯ ರೀತಿಯೇ ಹಾಗಿದೆ ಎಂಬುದು ನಿಮಗೆ ನೆನಪಿದ್ದರೆ ಸಾಕು.

ಮುಂದಿನದು ಅಕ್ಷರ ಕದಿಯುವ ಆಟ. ‘ಅರಸ’ದಲ್ಲಿ ‘ಅ’ ಕದ್ದರೆ? ರಸ. ‘ಕಮಲ’ದಲ್ಲಿ ‘ಕ’ ಕದ್ದರೆ? ಮಕ್ಕಳು ಬಿದ್ದು ಬಿದ್ದು ನಗುತ್ತಾರೆ, ದಿನಕ್ಕೆ ಹತ್ತು ಸಲ ಅದನ್ನೇ ಕೇಳುತ್ತಾರೆ, ಮನೆಗೆ ನೆಂಟರು ಬಂದಾಗ ವಿಶೇಷವಾಗಿ. ಸಹಿಸಿಕೊಳ್ಳಿ. ಐದು ವರ್ಷದವರಿಗೆ ಪದಸರಪಳಿ: ಮನೆ, ನೆಲ, ಲಗೋರಿ, ರಿಕ್ಷಾ. ‘ಕ್ಷಾ’ ಬಂದಲ್ಲಿಗೆ ಆಟ ನಿಂತು, ನಿಲ್ಲಿಸಿದವರು ಗೆದ್ದಂತೆ.

ಇದೇ ಹೊತ್ತಿಗೆ ಮಗುವಿನದೇ ಒಂದು ವರ್ಣಮಾಲೆ ಕಟ್ಟತೊಡಗಿ. ಅಂಗಡಿಯ ಪಟದಲ್ಲಿ ಅಗಸ, ಈಟಿ, ಋಷಿ ಇರುತ್ತಾರೆ. ಇಂದಿನ ಮಗು ಮೂವರನ್ನೂ ಕಂಡಿರುವುದಿಲ್ಲ. ‘ಅ’ಗೆ ತನ್ನ ಅಜ್ಜಿಯನ್ನು, ‘ಇ’ಗೆ ಇಡ್ಲಿಯನ್ನು, ‘ಬ’ಗೆ ಬಸ್ಸನ್ನು ಅದೇ ಬರೆಯಲಿ. ಪದ ಸಿಕ್ಕಾಗ ಹಾಳೆ ಸೇರಿಸಿ. ‘ಙ’ ಮತ್ತು ‘ಞ’ ಹಾಳೆಗಳು ಖಾಲಿಯೇ ಇರಲಿ.

ಹೆಜ್ಜೆ 6: ಗೆರೆ ಅಕ್ಷರವಾಗುವುದು

ಸಾಮಾನ್ಯವಾಗಿ ಮೂರು ವರ್ಷಕ್ಕೆ ಮಗು ವೃತ್ತವನ್ನು ನೋಡಿ ಬರೆಯುತ್ತದೆ, ನಾಲ್ಕರ ಹೊತ್ತಿಗೆ ಕೂಡುಗೆರೆಯನ್ನು (+), ನಾಲ್ಕೂವರೆಯ ಸುಮಾರಿಗೆ ಚೌಕವನ್ನು, ಐದಕ್ಕೆ ತ್ರಿಕೋನವನ್ನು. ಕನ್ನಡದ ಲಿಪಿ ದುಂಡಾದದ್ದು ಎಂಬುದು ನಮ್ಮ ಭಾಗ್ಯ. ಚುಕ್ಕಿ ರಂಗೋಲಿ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: ಮೂರು ಸಾಲು, ಸಾಲಿಗೆ ಮೂರು ಚುಕ್ಕಿ ಇಟ್ಟು, ಮುಟ್ಟದೆ ಸುತ್ತಿ ಬರುವ ಬಳ್ಳಿಗೆರೆ ಎಳೆಯಲಿ. ಎಲ್ಲಿ ಹೊರಡಬೇಕು, ಎಲ್ಲಿ ತಿರುಗಬೇಕು, ಎಲ್ಲಿ ನಿಲ್ಲಬೇಕು ಎಂಬ ಮೂರನ್ನೂ ಅದು ಕಲಿಸುತ್ತದೆ.

ಮೊದಲ ಬರಹ ಮಗುವಿನ ಹೆಸರು. ಚಿತ್ರದ ಮೂಲೆಯಲ್ಲಿ ನೀವು ಬರೆಯಿರಿ, ಕೆಳಗೆ ಮಗು ತನ್ನ ಬಗೆಯಲ್ಲಿ ‘ಸಹಿ’ ಹಾಕಲಿ. ಕೆಲವು ತಿಂಗಳಲ್ಲಿ ಆ ಗೀಚಿನೊಳಗೆ ಒಂದು ನಿಜವಾದ ಅಕ್ಷರ ಇಣುಕುತ್ತದೆ.

ನಂತರ ಅಕ್ಷರಗಳು ಬರಲಿ, ಆದರೆ ಆಕಾರದ ಬಂಧುತ್ವ ನೋಡಿ. ಕರ್ನಾಟಕದ ಸರ್ಕಾರಿ ಶಾಲೆಗಳ ಒಂದನೇ ತರಗತಿಯಲ್ಲೂ ಅ ಆ ಇ ಈ ಕ್ರಮವನ್ನು ಬಿಟ್ಟು ರ ಗ ಸ ದ ಅ, ಆಮೇಲೆ ಜ ವ ಮ ಬ ನ ಎಂದು ಕಲಿಸುತ್ತಾರೆ. ಬರೆಯಲು ಸುಲಭ, ಜೊತೆಗೆ ಐದೇ ಅಕ್ಷರದಲ್ಲಿ ಸರ, ರಸ, ಅರಸ, ಗರಗಸ ಎಂಬ ಪದಗಳು ಸಿಗುತ್ತವೆ. ಪ್ರತಿ ಆಕಾರಕ್ಕೂ ಒಂದು ಪುಟ್ಟ ಕಥೆ ಹೇಳಿ: ತಲೆಕಟ್ಟು ಟೋಪಿ, ಟೋಪಿ ಹಾಕಿದ ಉಂಡೆ ‘ರ’, ಅದರ ಹೊಟ್ಟೆಯೊಳಗೆ ಕಾಳು ಬಿದ್ದರೆ ‘ಠ’, ‘ವ’ಗೆ ಬಾಲ ಬಂದರೆ ‘ಮ’. ಮಕ್ಕಳು ಇದಕ್ಕಿಂತ ಒಳ್ಳೆಯ ಕಥೆ ಕಟ್ಟುತ್ತಾರೆ.

ಮಗು ತಾನೇ ಬರೆಯತೊಡಗಿದಾಗ ‘ಕಾಗೆ’ ಎಂಬುದು ‘ಕಗ’ ಆಗುತ್ತದೆ. ಇಳಿಯೂ ಇಲ್ಲ, ಏತ್ವವೂ ಇಲ್ಲ. ಸಂತೋಷಪಡಿ, ಎರಡು ವ್ಯಂಜನಗಳನ್ನು ಅದು ಸರಿಯಾದ ಕ್ರಮದಲ್ಲಿ ಕೇಳಿಸಿಕೊಂಡಿದೆ. ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದೂ ಆರೇಳು ವರ್ಷದವರೆಗೆ ಸಾಮಾನ್ಯ.

ಹೆಜ್ಜೆ 7: ಪುಸ್ತಕ ಮಾಡುವುದು

ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಬಿಡಿಸಿ, ಎಂಟು ಮನೆಗಳಾಗುತ್ತವೆ. ಗಿಡ್ಡ ಅಂಚುಗಳು ಕೂಡುವಂತೆ ಒಮ್ಮೆ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಕತ್ತರಿಸಿ. ಬಿಡಿಸಿ, ಉದ್ದಕ್ಕೆ ಮಡಚಿ, ಎರಡು ತುದಿ ಹಿಡಿದು ಒಳಕ್ಕೆ ತಳ್ಳಿದರೆ ಸೀಳು ಬಾಯಿ ತೆರೆಯುತ್ತದೆ. ಒಂದೇ ಕಡೆಗೆ ಸುತ್ತಿದರೆ ಎಂಟು ಪುಟದ ಪುಸ್ತಕ. ಮುಖಪುಟದಲ್ಲಿ ಹೆಸರು, ಲೇಖಕರು, ಚಿತ್ರ, ಬೆಲೆ. ನನ್ನ ಮಗಳ ಮೊದಲ ಪುಸ್ತಕದ ಬೆಲೆ ಹತ್ತು ರೂಪಾಯಿ ಮತ್ತು ಒಂದು ಲಡ್ಡು.

ಎಲ್ಲಿ ತೊಡಕಾಗುತ್ತದೆ

ಕೆಲವು ಮಕ್ಕಳು ಒಂದೇ ಚಿತ್ರವನ್ನು ತಿಂಗಳುಗಟ್ಟಲೆ ಬರೆಯುತ್ತಾರೆ. ಲಾರಿ, ಲಾರಿ, ಮತ್ತೆ ಲಾರಿ. ಚಿತ್ರ ಬದಲಿಸಲು ಹೋಗಬೇಡಿ, ಕಥೆ ಬದಲಿಸಿ: ಲಾರಿ ಇವತ್ತು ಏನು ಹೇರಿಕೊಂಡು ಹೊರಟಿದೆ?

ಮೂರು ವರ್ಷವಾದರೂ ಹೊರಗಿನವರಿಗೆ ಮಗುವಿನ ಮಾತು ಬಹುಪಾಲು ಅರ್ಥವಾಗದಿದ್ದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಕಥೆಯ ಪ್ರಯೋಗ ಮುಂದುವರಿಸುತ್ತಲೇ ಕಿವಿಯ ತಪಾಸಣೆ ಮಾಡಿಸಿ. ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ತುಂಬುವ ಮಕ್ಕಳಲ್ಲೂ ಕೇಳುವಿಕೆ ಏರುಪೇರಾಗುತ್ತದೆ.

ಇನ್ನು ಕಾಗದ ಮುಟ್ಟಲೇ ಒಪ್ಪದ ಮಕ್ಕಳು. ಯಾರೋ ಒಮ್ಮೆ ‘ಇದೆಂಥ ನಾಯಿ?’ ಎಂದು ನಕ್ಕಿರುತ್ತಾರೆ, ಅಷ್ಟೇ. ಅಂಥವರ ಮುಂದೆ ಬಣ್ಣದ ಡಬ್ಬಿ ತೆರೆಯಬೇಡಿ. ಚಪಾತಿ ಹಿಟ್ಟಿನ ಉಂಡೆ, ಹುಣಸೆ ಬೀಜ, ಬಳೆ ಚೂರು, ತೊಟ್ಟು ಸಮೇತ ಒಣ ಎಲೆ ತಂದು ನೆಲದ ಮೇಲೆ ಸುರಿಯಿರಿ. ಬೀಜಗಳನ್ನು ಸಾಲಾಗಿ ಇಟ್ಟು ‘ಇವರೆಲ್ಲ ಜಾತ್ರೆಗೆ ಹೊರಟಿದ್ದಾರೆ’ ಎಂದು ಮಗು ಹೇಳಿದ ಕೂಡಲೇ ಮೆಲ್ಲಗೆ ಪೆನ್ನು ತೆಗೆದುಕೊಳ್ಳಿ.